ಕಾರು ಎತ್ತಿದರೆ ಚಕ್ರವೂ ತಿರುಗುತ್ತೆ

ಮೇ ತಿಂಗಳು ಮುಗಿಯೋಕೆ ಬಂತು ಅಂದ್ರೆ ಅರಕಲಗೂಡು ಕಡೆ ಕೆಲವರು ಕಾರನ್ನ ಗ್ಯಾರೇಜಿಗೆ ಬಿಟ್ಟು ಎತ್ತರ ಮಾಡಿಸ್ತಾರೆ. ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸ್ತಾರೆ, ಇಲ್ಲಾಂದ್ರೆ ಸ್ಟ್ರಟ್‌ನ ಮೇಲ್ಭಾಗದಲ್ಲಿ ಸ್ಪೇಸರ್ ಕೂರಿಸ್ತಾರೆ. ಕಾರಣ ಎಲ್ಲರಿಗೂ ಗೊತ್ತು. ಮುಂಗಾರು ಹಿಡಿದ ಮೇಲೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಹಳ್ಳ ಬೀಳುತ್ತೆ, ನಡುವೆ ದಿಬ್ಬ ಉಳಿಯುತ್ತೆ. ಆ ದಿಬ್ಬ ಕಾರಿನ ಹೊಟ್ಟೆಗೆ ಉಜ್ಜುತ್ತೆ. 25 ಮಿಲಿಮೀಟರ್ ಮೇಲೆತ್ತಿದರೆ ಉಜ್ಜಲ್ಲ. ದೀಪಾವಳಿ ಕಳೆದು ದಾರಿ ಗಟ್ಟಿಯಾದ ಮೇಲೆ ಅದನ್ನ ತೆಗೆಸಿ ಮೊದಲಿನ ಎತ್ತರಕ್ಕೆ ತರ್ತಾರೆ.

ಈ ಎರಡೂ ಸಲ ಒಂದು ಕೆಲಸ ಬಿಟ್ಟುಹೋಗುತ್ತೆ: ವೀಲ್ ಅಲೈನ್‌ಮೆಂಟ್. "ಎತ್ತರ ತಾನೇ ಮಾಡಿದ್ದು, ಸ್ಟೀರಿಂಗ್ ಮುಟ್ಟಿಲ್ವಲ್ಲ" ಅನ್ನೋದು ಸಾಮಾನ್ಯವಾದ ವಾದ. ಕೇಳೋಕೆ ಸರಿಯಾಗೇ ಇದೆ. ಆದರೆ ಎತ್ತರ ಮುಟ್ಟಿದರೆ ಸ್ಟೀರಿಂಗ್ ಮುಟ್ಟಿದ ಹಾಗೇ. ಯಾಕೆ ಅನ್ನೋದು ಈ ಲೇಖನದ ವಿಷಯ. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಇದು ಕೈನೆಮ್ಯಾಟಿಕ್ಸ್ ಪಾಠ. ಉಳಿದವರು ಹೆದರಬೇಡಿ, ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು.

ಮೊದಲು ಮೂರು ಕೋನಗಳ ಪರಿಚಯ. ನೀವು ನೇರ ನಿಂತು ಪಾದ ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಒಳಮುಖ ಆದರೆ ಅದು ಟೋ-ಇನ್, ಹೊರಮುಖ ಆದರೆ ಟೋ-ಔಟ್. ಕಾರಿನ ಮುಂದಿನ ಚಕ್ರಗಳನ್ನ ಮೇಲಿಂದ ನೋಡಿದರೂ ಇದೇ ಲೆಕ್ಕ. ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿದ್ದರೆ ಅದು ಕ್ಯಾಂಬರ್. ತಲೆ ಹೊರಗೆ ವಾಲಿದರೆ ಪಾಸಿಟಿವ್, ಒಳಗೆ ವಾಲಿದರೆ ನೆಗೆಟಿವ್. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರೋದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆ ಇರುತ್ತಲ್ಲ, ಅದೇ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರೋದಕ್ಕೆ ಮುಖ್ಯ ಕಾರಣ ಇದು.

ಕಂಪನಿ ಈ ಮೂರೂ ಕೋನಗಳನ್ನ ಒಂದು ನಿರ್ದಿಷ್ಟ ಎತ್ತರಕ್ಕೆ ಬರೆದಿರುತ್ತೆ. ಸರ್ವಿಸ್ ಮ್ಯಾನುಯಲ್‌ನಲ್ಲಿ ಟೋ ಇಷ್ಟು ಅಂತ ಇದ್ದರೆ, ಕಾರು ಆ ಎತ್ತರದಲ್ಲಿ ನಿಂತಾಗ ಇಷ್ಟು ಅಂತ ಅರ್ಥ. ಈಗಿನ ಸಣ್ಣ ಕಾರುಗಳಲ್ಲಿ ಟೋ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತೆ.

ಈಗ ಅಸಲಿ ವಿಷಯ. ನಮ್ಮ ಕಡೆ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತೆ. 1983ರಲ್ಲಿ ಬಂದ ಮಾರುತಿ 800ಕ್ಕೂ ಅದೇ ಇತ್ತು. ಚಕ್ರವನ್ನ ಹಿಡಿದಿರೋ ಲೋಹದ ತುಂಡಿಗೆ ನಕಲ್ ಅಂತಾರೆ (ಪರೀಕ್ಷೆಯ ನಕಲಲ್ಲ). ನಕಲ್‌ನ ಕೆಳಭಾಗವನ್ನ ಲೋಯರ್ ಆರ್ಮ್ ಹಿಡಿದಿರುತ್ತೆ. ಮೇಲೆ ಸ್ಟ್ರಟ್ ಹಿಡಿದಿರುತ್ತೆ. ಮೂರನೆಯದಾಗಿ ಸ್ಟೀರಿಂಗ್ ರ‍್ಯಾಕಿನಿಂದ ಬರುವ ಟೈ ರಾಡ್ ನಕಲ್‌ನ ಪಕ್ಕದ ತೋಳಿಗೆ ಸೇರಿರುತ್ತೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಈ ಟೈ ರಾಡ್ ಎಳೆದು ಅಥವಾ ತಳ್ಳಿ ಚಕ್ರವನ್ನ ತಿರುಗಿಸುತ್ತೆ.

ಜಾಮಿಟ್ರಿ ಬಾಕ್ಸಿನ ಕಂಪಾಸ್ ನೆನಪಿಸಿಕೊಳ್ಳಿ. (ಅದಕ್ಕೆ ಕನ್ನಡದಲ್ಲಿ ಕೈವಾರ ಅಂತಾರೆ ಅಂತ ನನಗೆ ಗೊತ್ತಾಗಿದ್ದು ಕನ್ನಡ ಸಂಘಕ್ಕೆ ಸೇರಿದ ಮೇಲೆ.) ಲೋಯರ್ ಆರ್ಮ್ ಒಂದು ಕೈವಾರ, ಟೈ ರಾಡ್ ಇನ್ನೊಂದು ಕೈವಾರ. ಎರಡರ ಮುಳ್ಳು ಕಾರಿನ ಬಾಡಿ ಕಡೆ ಇದೆ, ಪೆನ್ಸಿಲ್ ಚಕ್ರದ ಕಡೆ ಇದೆ. ಕಾರನ್ನ ಎತ್ತಿದಾಗ ಬಾಡಿ ಮೇಲೆ ಹೋಗುತ್ತೆ, ಚಕ್ರ ನೆಲದಲ್ಲೇ ಇರುತ್ತೆ. ಅಂದ್ರೆ ಬಾಡಿಯ ಲೆಕ್ಕದಲ್ಲಿ ಎರಡೂ ಪೆನ್ಸಿಲ್ ಕೆಳಗಿಳಿದು ಒಂದೊಂದು ಕಂಸ ಬರೀತವೆ. ಕಂಸ ಬರೆದಾಗ ಕೆಳಗೆ ಮಾತ್ರ ಇಳಿಯಲ್ಲ, ಸ್ವಲ್ಪ ಒಳಗೂ ಬರುತ್ತೆ. ಎರಡೂ ಒಂದೇ ಅಳತೆಯಷ್ಟು ಒಳಗೆ ಬಂದರೆ ತೊಂದರೆ ಇಲ್ಲ, ಚಕ್ರ ಹಾಗೇ ಪಕ್ಕಕ್ಕೆ ಸರಿಯುತ್ತೆ ಅಷ್ಟೆ. ಟೈ ರಾಡ್ ಹೆಚ್ಚು ಒಳಗೆ ಬಂದರೆ? ಯಾರೋ ಸ್ಟೀರಿಂಗ್ ತಿರುಗಿಸಿದ ಹಾಗೆ ಚಕ್ರ ತಿರುಗುತ್ತೆ. ಇದಕ್ಕೆ ಬಂಪ್ ಸ್ಟಿಯರ್ ಅಂತಾರೆ.

ಲೆಕ್ಕ ಮಾಡೋಣ. ನಾನು ಹಿಡಿದಿರೋ ಅಳತೆ ಯಾವುದೇ ಒಂದು ಕಾರಿನದ್ದಲ್ಲ, ಕ್ಲಾಸಿಗೆ ಅನುಕೂಲವಾದ ದುಂಡು ಸಂಖ್ಯೆಗಳು. ಲೋಯರ್ ಆರ್ಮ್ 350 ಮಿಲಿಮೀಟರ್, ಟೈ ರಾಡ್ 300 ಮಿಲಿಮೀಟರ್, ಕಾರನ್ನ ಎತ್ತಿದ್ದು 25 ಮಿಲಿಮೀಟರ್. ಎರಡೂ ಮೊದಲು ನೆಲಕ್ಕೆ ಸಮಾನಾಂತರವಾಗಿದ್ದವು ಅಂದುಕೊಳ್ಳಿ. ಆಗ ಒಳಗೆ ಬರುವ ದೂರ ಅಂದಾಜಿಗೆ ಎತ್ತರದ ವರ್ಗವನ್ನ ಉದ್ದದ ಎರಡರಷ್ಟರಿಂದ ಭಾಗಿಸಿದಷ್ಟು. ಆರ್ಮ್‌ಗೆ 625 ÷ 700, ಅಂದ್ರೆ 0.89 ಮಿಲಿಮೀಟರ್. ಟೈ ರಾಡ್‌ಗೆ 625 ÷ 600, ಅಂದ್ರೆ 1.04 ಮಿಲಿಮೀಟರ್. ವ್ಯತ್ಯಾಸ ಬರೀ 0.15 ಮಿಲಿಮೀಟರ್. ಇಷ್ಟಕ್ಕೆ ಇಷ್ಟು ದೊಡ್ಡ ಲೇಖನ ಬೇಕಾ ಅಂತ ಅನಿಸಬಹುದು.

ಆದರೆ ನಿಜವಾದ ಕಾರಿನಲ್ಲಿ ಇವೆರಡೂ ಮೊದಲೇ ಸ್ವಲ್ಪ ಕೆಳಮುಖವಾಗಿ ಇಳಿಜಾರಾಗಿರುತ್ತವೆ, ಮತ್ತು ಎರಡರ ಇಳಿಜಾರು ಯಾವಾಗಲೂ ಒಂದೇ ಇರಲ್ಲ. ಆರ್ಮ್ 4 ಡಿಗ್ರಿ, ಟೈ ರಾಡ್ 6 ಡಿಗ್ರಿ ಇಳಿದಿದೆ ಅಂದುಕೊಳ್ಳೋಣ. ಆಗ 25 ಮಿಲಿಮೀಟರ್ ಎತ್ತಿದ್ದಕ್ಕೆ ಎತ್ತರವನ್ನ ಟ್ಯಾನ್‌ನಿಂದ ಗುಣಿಸಿದಷ್ಟು ಹೆಚ್ಚುವರಿ ಸರಿತ ಸೇರುತ್ತೆ. ಆರ್ಮ್‌ಗೆ 1.75, ಟೈ ರಾಡ್‌ಗೆ 2.63. ಇಲ್ಲೇ 0.88 ವ್ಯತ್ಯಾಸ ಬಂತು. ಹಿಂದಿನ 0.15 ಸೇರಿಸಿದರೆ ಸುಮಾರು 1 ಮಿಲಿಮೀಟರ್. ಇದು ಸರಳ ಮಾಡಿದ ಚಿತ್ರ. ನಿಜದಲ್ಲಿ ನಕಲ್ ಕೂಡ ಸ್ವಲ್ಪ ವಾಲೋದರಿಂದ ಲೆಕ್ಕ ಇನ್ನಷ್ಟು ಜಟಿಲ. ಕಂಪನಿಯವರು ಮೊದಲಿನ ಎತ್ತರದ ಅಕ್ಕಪಕ್ಕದಲ್ಲಿ ಈ ವ್ಯತ್ಯಾಸ ಆದಷ್ಟು ಕಡಿಮೆ ಇರೋ ಹಾಗೆ ಜಾಯಿಂಟುಗಳ ಜಾಗ ಆರಿಸಿರ್ತಾರೆ. ಆ ಎತ್ತರದಿಂದ ದೂರ ಹೋದಷ್ಟೂ ಅವರು ಆರಿಸಿದ್ದು ಕೆಲಸಕ್ಕೆ ಬರಲ್ಲ.

ಸರಿ, 1 ಮಿಲಿಮೀಟರ್ ಅಂದ್ರೆ ಎಷ್ಟು ದೊಡ್ಡದು? ನಕಲ್‌ನ ಸ್ಟೀರಿಂಗ್ ತೋಳು 120 ಮಿಲಿಮೀಟರ್ ಉದ್ದ ಇದ್ದರೆ ಚಕ್ರ ತಿರುಗುವ ಕೋನ 1 ÷ 120 ರೇಡಿಯನ್, ಅಂದ್ರೆ 0.48 ಡಿಗ್ರಿ. ಅಲೈನ್‌ಮೆಂಟ್ ಅಂಗಡಿಯ ಭಾಷೆಯಲ್ಲಿ ಹೆಚ್ಚುಕಡಿಮೆ 29 ಮಿನಿಟ್. (ಡಿಗ್ರಿಯ 60ನೇ ಒಂದು ಭಾಗ ಮಿನಿಟ್. ಗಡಿಯಾರದ ನಿಮಿಷಕ್ಕೂ ಇದಕ್ಕೂ ಸಂಬಂಧ ಇಲ್ಲ.) ಎರಡೂ ಚಕ್ರ ಸೇರಿದರೆ 57 ಮಿನಿಟ್. ಸೊನ್ನೆಯ ಹತ್ತಿರ ಇರಬೇಕಾದ ಟೋ ಒಂದು ಡಿಗ್ರಿಗೆ ಬಂತು.

ಅರ್ಧ ಡಿಗ್ರಿ ತಿರುಗಿದ ಚಕ್ರ ನೇರ ರಸ್ತೆಯಲ್ಲಿ ಉರುಳುವಾಗ ಏನಾಗುತ್ತೆ? ಚಕ್ರಕ್ಕೆ ಒಂದು ಕಡೆ ಹೋಗಬೇಕು, ಕಾರು ಅದನ್ನ ಇನ್ನೊಂದು ಕಡೆ ಎಳ್ಕೊಂಡು ಹೋಗುತ್ತೆ. ಪ್ರತಿ ಕಿಲೋಮೀಟರಿಗೆ 1000 ಮೀಟರನ್ನ 120ರಿಂದ ಭಾಗಿಸಿದಷ್ಟು, ಅಂದ್ರೆ 8.3 ಮೀಟರ್ ಅಡ್ಡಕ್ಕೆ ಎಳೆದ ಲೆಕ್ಕ. ಹಾಸನದಿಂದ ಅರಕಲಗೂಡಿಗೆ ಸುಮಾರು 30 ಕಿಲೋಮೀಟರ್. ಒಂದು ಸಲ ಹೋದರೆ ಪ್ರತಿ ಮುಂದಿನ ಟೈರನ್ನೂ 250 ಮೀಟರ್ ಪಕ್ಕಕ್ಕೆ ಎಳೆದ ಹಾಗಾಯ್ತು. ಅಷ್ಟೂ ದೂರ ಟಾರಿಗೆ ಉಜ್ಜುತ್ತೆ ಅಂತಲ್ಲ. ನೆಲಕ್ಕೆ ತಾಗಿದ ರಬ್ಬರ್ ಸ್ವಲ್ಪ ಬಾಗಿ ತಾಳಿಕೊಳ್ಳುತ್ತೆ, ನೆಲ ಬಿಡೋ ಹೊತ್ತಿಗೆ ಜಾರಿ ವಾಪಸ್ ಬರುತ್ತೆ. ಆ ಜಾರೋದರಲ್ಲೇ ಸವೆತ. ಟೋ-ಇನ್ ಆದರೆ ಹೊರಗಿನ ಅಂಚು, ಟೋ-ಔಟ್ ಆದರೆ ಒಳಗಿನ ಅಂಚು.

ಕಾರು ಎತ್ತಿದರೆ ಟೋ-ಇನ್ ಆಗುತ್ತಾ, ಟೋ-ಔಟ್ ಆಗುತ್ತಾ ಅಂತ ಫ್ರೆಂಡ್ಸ್ ಕೇಳಿದ್ರು. ಅದು ಕಾರಿನಿಂದ ಕಾರಿಗೆ ಬೇರೆ. ರ‍್ಯಾಕ್ ಆಕ್ಸಲ್‌ನ ಮುಂದಿದೆಯೋ ಹಿಂದಿದೆಯೋ, ಟೈ ರಾಡ್ ಎಷ್ಟು ಎತ್ತರದಲ್ಲಿದೆ, ಎಷ್ಟು ಉದ್ದ ಇದೆ, ಇದೆಲ್ಲಾ ಸೇರಿ ತೀರ್ಮಾನ ಆಗುತ್ತೆ. ಅಳೆಯದೆ ಬಾಯಲ್ಲಿ ಹೇಳೋ ವಿಷಯ ಅಲ್ಲ.

ಅರಕಲಗೂಡಿನಲ್ಲಿರೋ ನಮ್ಮ ಚಿಕ್ಕಪ್ಪನ ಕಾರಿನಲ್ಲಿ ಆಗಿದ್ದು ಟೋ-ಔಟ್. ಜೂನ್ ಮೊದಲ ವಾರ ಮುಂದೆ ಎರಡೂ ಕಡೆ ಸ್ಪೇಸರ್ ಹಾಕಿಸಿದ್ರು. ಅಲೈನ್‌ಮೆಂಟ್ ಬೇಕಾ ಅಂತ ಕೇಳಿದ್ದಕ್ಕೆ ಗ್ಯಾರೇಜಿನವರು, "ಒಂದು ರೌಂಡ್ ಹೋಗಿ ಬನ್ನಿ ಸಾರ್. ಎಳೆಯಲ್ಲ, ಸ್ಟೀರಿಂಗ್ ನೇರ ಇದೆ ಅಂದ್ರೆ ಏನೂ ಬೇಡ" ಅಂದ್ರಂತೆ. ಹೋಗಿ ಬಂದ್ರು. ಎಳೆಯಲಿಲ್ಲ, ಸ್ಟೀರಿಂಗ್ ನೇರವಾಗೇ ಇತ್ತು. ದಸರಾ ರಜೆಗೆ ನಾನು ಹೋದಾಗ ಮುಂದಿನ ಎರಡೂ ಟೈರಿನ ಹೊರಗಿನ ಅರ್ಧ ಹೊಸದರ ಹಾಗಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಿನಿಂದ ನೋಡಿದರೆ ಒಳಗಿನ ಅಂಚು ಬೋಳು. ನಿಂತು ನೋಡೋರಿಗೆ ಒಳ ಅಂಚು ಕಾಣಲ್ಲ, ಅದಕ್ಕೇ ನಾಲ್ಕು ತಿಂಗಳು ಯಾರಿಗೂ ಗೊತ್ತಾಗಿರಲಿಲ್ಲ. ಎರಡು ಟೈರಿನ ದುಡ್ಡು ಹೋಯ್ತು ಅಂತ ಚಿಕ್ಕಮ್ಮ ಬೈದ್ರು. ನನಗೆ ಭಯ ಆಗಿದ್ದು ಬೇರೆ ವಿಷಯಕ್ಕೆ. ಆ ನಾಲ್ಕು ತಿಂಗಳೂ ಮಳೆಗಾಲ. ಟೈರಿನ ಗಾಡಿ ನೀರನ್ನ ಪಕ್ಕಕ್ಕೆ ತಳ್ಳೋದಕ್ಕೇ ಇರೋದು. ಅದು 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು ಅನ್ನೋ ನಿಯಮ ಇರೋದೂ ಅದಕ್ಕೇ. ಒಳಗಿನ ಅಂಚಿನಲ್ಲಿ ಗಾಡಿಯೇ ಇಲ್ಲದ ಎರಡು ಟೈರಿನ ಮೇಲೆ ಅವರು ಮಕ್ಕಳನ್ನ ದಿನಾ ಸ್ಕೂಲಿಗೆ ಬಿಟ್ಟು ಬರ್ತಿದ್ರು.

ಗ್ಯಾರೇಜಿನವರ ಪರೀಕ್ಷೆ ಯಾಕೆ ಸುಳ್ಳು ಹೇಳ್ತು? ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಗುಂಡಿಗೆ ಬಿದ್ದು ಒಂದು ಟೈ ರಾಡ್ ಬಾಗಿದರೆ ಒಂದೇ ಚಕ್ರದ ಕೋನ ಕೆಡುತ್ತೆ. ಆಗ ಸ್ಟೀರಿಂಗ್ ಓರೆ ಆಗುತ್ತೆ, ಡ್ರೈವರಿಗೆ ತಕ್ಷಣ ಗೊತ್ತಾಗುತ್ತೆ. ಎರಡೂ ಕಡೆ ಒಂದೇ ದಪ್ಪದ ಸ್ಪೇಸರ್ ಹಾಕಿದಾಗ ಎರಡೂ ಚಕ್ರ ಒಂದೇ ಅಳತೆಯಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎಡಗಡೆಯದು ಎಡಕ್ಕೆ ಎಳೆಯುತ್ತೆ, ಬಲಗಡೆಯದು ಬಲಕ್ಕೆ. ಎರಡೂ ಬಲ ವಜಾ ಆಗಿ ಕಾರು ನೇರ ಹೋಗುತ್ತೆ, ಸ್ಟೀರಿಂಗ್ ನಡುವೆ ನಿಲ್ಲುತ್ತೆ. ಕೆಲಸ ಎಷ್ಟು ನೀಟಾಗಿ ಮಾಡಿರ್ತಾರೋ ತಪ್ಪು ಅಷ್ಟು ಚೆನ್ನಾಗಿ ಅಡಗಿ ಕೂರುತ್ತೆ. ಕಾರು ಎಳೆಯುತ್ತಾ ಅಂತ ನೋಡೋದು ಎಡ-ಬಲದ ವ್ಯತ್ಯಾಸ ಹಿಡಿಯುವ ಪರೀಕ್ಷೆ. ಎರಡೂ ಕಡೆ ಸಮನಾಗಿ ಕೆಟ್ಟಿದ್ದನ್ನ ಅದು ಹಿಡಿಯಲ್ಲ.

ರಸ್ತೆಯೂ ಇದಕ್ಕೆ ಜೊತೆಯಾಗುತ್ತೆ. ಅರಕಲಗೂಡಿನ ಒಳದಾರಿಯಲ್ಲಿ 30ರ ವೇಗದಲ್ಲಿ, ಕೆಸರಿನಲ್ಲಿ ಹೋಗುವಾಗ ಟೈರ್ ಸುಲಭವಾಗಿ ಜಾರುತ್ತೆ, ಏನೂ ಅನಿಸಲ್ಲ. ಹೊಳೆನರಸೀಪುರದ ಕಡೆ ಎರಡು ಲೇನಿನ ರಸ್ತೆಯಲ್ಲಿ 60ರಲ್ಲಿ ಹೋಗುವಾಗ ಸ್ವಲ್ಪ ಅನುಮಾನ ಬರಬಹುದು. ಚನ್ನರಾಯಪಟ್ಟಣದ ಕಡೆ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹತ್ತಿ 80 ದಾಟಿದ ಮೇಲೆ ಟೋ-ಔಟ್ ಇರೋ ಕಾರು ಮಾತಾಡೋಕೆ ಶುರು ಮಾಡುತ್ತೆ. ಸ್ಟೀರಿಂಗ್ ನೇರ ಹಿಡಿದರೂ ಕಾರು ಅತ್ತ ಇತ್ತ ಅಲೆಯುತ್ತೆ, ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರಬೇಕು. ಚಿಕ್ಕಪ್ಪ ಅದನ್ನ ಗಾಳಿ ಅಂದುಕೊಂಡಿದ್ರು. ಆಷಾಢದಲ್ಲಿ ಆ ಬಯಲಲ್ಲಿ ಗಾಳಿ ಇರೋದೂ ನಿಜ, ಹಾಗಾಗಿ ಅವರನ್ನ ದೂರೋಕಾಗಲ್ಲ.

ಕ್ಯಾಂಬರ್ ಬಗ್ಗೆ ಚಿಕ್ಕದಾಗಿ. ಆರ್ಮ್‌ನ ತುದಿ ಒಳಗೆ ಬಂತಲ್ಲ, ಅದರ ಜೊತೆ ಚಕ್ರದ ಪಾದವೂ ಒಳಗೆ ಬರುತ್ತೆ. ತಲೆ ಸ್ಟ್ರಟ್ ಮೇಲೆ ನಿಂತಿರೋದರಿಂದ ಅಲ್ಲೇ ಇರುತ್ತೆ. ಹಾಗಾಗಿ ಎತ್ತಿದ ಕಾರಿನ ಕ್ಯಾಂಬರ್ ಪಾಸಿಟಿವ್ ಕಡೆ ಹೋಗುತ್ತೆ. ನಮ್ಮ ಲೆಕ್ಕದ ಕಾರಿನಲ್ಲಿ ಪಾದ ಒಳಗೆ ಬಂದಿದ್ದು 1.75 ಮತ್ತು 0.89 ಸೇರಿ ಸುಮಾರು 2.6 ಮಿಲಿಮೀಟರ್. ಬಾಲ್ ಜಾಯಿಂಟಿನಿಂದ ಸ್ಟ್ರಟ್ ತುದಿಗೆ 600 ಮಿಲಿಮೀಟರ್ ಇದ್ದರೆ ಬದಲಾವಣೆ ಕಾಲು ಡಿಗ್ರಿ. ಟೈರ್ ಸವೆತಕ್ಕೆ ಇದು ಟೋಗಿಂತ ತುಂಬಾ ಕಡಿಮೆ ಅಪಾಯಕಾರಿ. ಒಳ್ಳೇದೇ ಆಯ್ತು, ಯಾಕಂದ್ರೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ಹೊಂದಿಸೋಕೆ ಕಂಪನಿ ಪ್ರತ್ಯೇಕ ಅವಕಾಶ ಕೊಟ್ಟಿರಲ್ಲ. ಸ್ಟ್ರಟ್ ಮತ್ತು ನಕಲ್ ಸೇರುವ ಬೋಲ್ಟಿನ ತೂತಿನಲ್ಲಿ ಇರೋ ಅಲ್ಪ ಜಾಗದಲ್ಲಿ ಏನಾದರೂ ಮಾಡಬೇಕು. ಟೋ ಮಾತ್ರ ಟೈ ರಾಡಿನ ಥ್ರೆಡ್ ತಿರುಗಿಸಿ ಸರಿ ಮಾಡಬಹುದು. ಥ್ರೆಡ್‌ನ ಪಿಚ್ 1.5 ಮಿಲಿಮೀಟರ್ ಇದ್ದರೆ ನಮ್ಮ 1 ಮಿಲಿಮೀಟರ್ ತಪ್ಪಿಗೆ ಒಂದು ಸುತ್ತಿನ ಮೂರನೇ ಎರಡು ಭಾಗ ಸಾಕು. ಎರಡು ಟೈರ್ ಉಳಿಸೋಕೆ ಬೇಕಾಗಿದ್ದು ಇಷ್ಟೇ.

ಕೆಲವರು ಮುಂದೆ ಮಾತ್ರ ಎತ್ತಿಸ್ತಾರೆ, ಇನ್ನು ಕೆಲವರು ತೆಂಗಿನಕಾಯಿ ಮೂಟೆ ಹೇರೋದಕ್ಕೆ ಅಂತ ಹಿಂದೆ ಮಾತ್ರ. ಆಗ ಕ್ಯಾಸ್ಟರ್ ಬದಲಾಗುತ್ತೆ, ಯಾಕಂದ್ರೆ ಇಡೀ ಬಾಡಿ ಮುಂದಕ್ಕೋ ಹಿಂದಕ್ಕೋ ವಾಲಿತಲ್ಲ. ವೀಲ್‌ಬೇಸ್ 2400 ಮಿಲಿಮೀಟರ್ ಇರೋ ಕಾರಿನಲ್ಲಿ 25 ಮಿಲಿಮೀಟರ್ ವ್ಯತ್ಯಾಸಕ್ಕೆ 0.6 ಡಿಗ್ರಿ. ಹಿಂದೆ ಎತ್ತಿದರೆ ಕ್ಯಾಸ್ಟರ್ ಅಷ್ಟು ಕಡಿಮೆಯಾಗಿ ಸ್ಟೀರಿಂಗ್ ನೇರಕ್ಕೆ ಬರೋದು ಸ್ವಲ್ಪ ಸೋಮಾರಿ ಆಗುತ್ತೆ. ಮುಂದೆ ಎತ್ತಿದರೆ ಕ್ಯಾಸ್ಟರ್‌ಗೆ ತೊಂದರೆ ಇಲ್ಲ, ಹೆಡ್‌ಲೈಟ್‌ಗೆ ಇದೆ. ಬೆಳಕೂ 0.6 ಡಿಗ್ರಿ ಮೇಲೆ ನೋಡುತ್ತೆ. 25 ಮೀಟರ್ ದೂರದಲ್ಲಿ ಅದು 26 ಸೆಂಟಿಮೀಟರ್ ಮೇಲೆ ಬೀಳುತ್ತೆ. ಎದುರಿಂದ ಬರೋ ಬೈಕಿನವರ ಕಣ್ಣಿಗೆ ಬೀಳೋಕೆ ಅಷ್ಟು ಸಾಕು, ಅದೂ ಮಳೆಯಲ್ಲಿ ಹೆಲ್ಮೆಟ್ ಗಾಜಿನ ಮೇಲೆ ಹನಿ ಇದ್ದಾಗ. ಎರಡೂ ಕಡೆ ಸಮ ಎತ್ತಿದರೆ ಬೆಳಕು ಬರೀ 25 ಮಿಲಿಮೀಟರ್ ಮೇಲೇರುತ್ತೆ, ಕೋನ ಬದಲಾಗಲ್ಲ. ಏನೇ ಆದ್ರೂ ಗೋಡೆ ಮುಂದೆ ನಿಲ್ಲಿಸಿ ಒಂದು ಸಲ ನೋಡಿಕೊಳ್ಳೋದು ಒಳ್ಳೇದು.

ಸ್ಪೇಸರ್ ಬೇರೆ, ಬಫರ್ ಬೇರೆ. ಇದನ್ನ ಅಂಗಡಿಗಳಲ್ಲಿ ಒಂದೇ ಥರ ಮಾರ್ತಾರೆ. ಸ್ಟ್ರಟ್ ಮೇಲಿನ ಸ್ಪೇಸರ್ ಸ್ಪ್ರಿಂಗ್ ಅನ್ನ ಮುಟ್ಟಲ್ಲ, ಆದರೆ ಡ್ರೈವ್ ಶಾಫ್ಟಿನ ಕೋನ ಹೆಚ್ಚಿಸುತ್ತೆ, ಸಿವಿ ಜಾಯಿಂಟಿನ ರಬ್ಬರ್ ಬೂಟು ಹೆಚ್ಚು ಹಿಗ್ಗುತ್ತೆ. ಅದು ಹರಿದರೆ ಒಳಗೆ ಕೆಸರು. ಸುತ್ತುಗಳ ನಡುವಿನ ಬಫರ್ ಸ್ಪ್ರಿಂಗಿನ ಗುಣವನ್ನೇ ಬದಲಿಸುತ್ತೆ. ಸ್ಪ್ರಿಂಗಿನ ಗಟ್ಟಿತನ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. 6 ಸುತ್ತಿನಲ್ಲಿ ಒಂದನ್ನ ಬಫರ್ ಪೂರ್ತಿ ಬಂಧಿಸಿದರೆ ಉಳಿದಿದ್ದು 5, ಗಟ್ಟಿತನ 6 ÷ 5, ಅಂದ್ರೆ 20 ಪರ್ಸೆಂಟ್ ಜಾಸ್ತಿ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಸ್ಪ್ರಿಂಗಿಗೆ ಮಾಡಿದ್ದೇ. ಕಾರು ಕುಣಿಯೋಕೆ ಶುರು ಮಾಡೋದು ಇದರಿಂದ.

ಅಂಬಾಸಿಡರ್, ಹಳೇ ಸುಮೋ, ಕ್ವಾಲಿಸ್ ಇಂಥವಕ್ಕೆ ಮುಂದೆ ಕಾಯಿಲ್ ಬದಲು ಟಾರ್ಷನ್ ಬಾರ್ ಇತ್ತು. ಒಂದು ಬೋಲ್ಟ್ ತಿರುಗಿಸಿದರೆ ಎತ್ತರ ಬದಲಾಗ್ತಿತ್ತು, ಸ್ಪೇಸರ್ ಗೀಸರ್ ಏನೂ ಬೇಡ. ಅದು ಸುಲಭ ಅಂತಲೇ ಅಲೈನ್‌ಮೆಂಟ್ ಮರೆಯೋದೂ ಸುಲಭ. ಇದಕ್ಕೆ ತದ್ವಿರುದ್ಧವಾಗಿ ಯೋಚನೆ ಮಾಡಿದ್ದು ಸಿಟ್ರೋಯೆನ್ ಕಂಪನಿ. 1955ರ ಡಿಎಸ್ ಕಾರಿನಲ್ಲಿ ಎಣ್ಣೆ ಮತ್ತು ಗ್ಯಾಸಿನ ಸಸ್ಪೆನ್ಷನ್ ಇತ್ತು. ಎಷ್ಟು ಜನ ಕೂತರೂ ಕಾರು ತಾನೇ ತನ್ನ ಎತ್ತರಕ್ಕೆ ವಾಪಸ್ ಬರ್ತಿತ್ತು, ಕೆಟ್ಟ ದಾರಿ ಬಂದಾಗ ಡ್ರೈವರ್ ಲಿವರ್‌ನಿಂದ ಎತ್ತಿ, ದಾರಿ ಮುಗಿದ ಮೇಲೆ ಇಳಿಸಬಹುದಿತ್ತು. ಎತ್ತಿದ ಎತ್ತರದಲ್ಲಿ ಓಡೋದು ನಿಧಾನಕ್ಕೆ, ಸ್ವಲ್ಪ ದೂರ ಮಾತ್ರ. ನಾಲ್ಕು ತಿಂಗಳು ಎತ್ತಿದ ಕಾರನ್ನೇ ಹೈವೇಗೂ ಓಡಿಸೋದು ನಮ್ಮ ಪರಿಸ್ಥಿತಿ.

ಹಾಗಾದ್ರೆ ಮಾಡಿಸೋದೇ ಆದ್ರೆ ಹೇಗೆ ಮಾಡಿಸಬೇಕು? ಮೊದಲು ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಆರ್ಮ್ ಬುಷ್ ಇವುಗಳಲ್ಲಿ ಆಟ ಇದೆಯಾ ನೋಡಿಸಿ. ಆಟ ಇದ್ದರೆ ಮೆಷಿನ್ ತೋರಿಸೋ ನಂಬರಿಗೆ ಅರ್ಥ ಇಲ್ಲ. ಎತ್ತರ ಮಾಡಿದ ಮೇಲೆ ಆರ್ಮ್ ಬುಷ್‌ನ ಬೋಲ್ಟನ್ನ ಸಡಿಲ ಮಾಡಿ, ಕಾರು ಚಕ್ರದ ಮೇಲೆ ನಿಂತಿರುವಾಗಲೇ ಮತ್ತೆ ಬಿಗಿ ಮಾಡಬೇಕು. ಇದು ಬಹಳ ಕಡೆ ಮಾಡಲ್ಲ. ಬುಷ್ ಒಳಗಿನ ರಬ್ಬರ್ ಎರಡೂ ಕಡೆ ಲೋಹಕ್ಕೆ ಅಂಟಿರುತ್ತೆ, ಅದು ತಿರುಚಿಕೊಂಡು ಕೆಲಸ ಮಾಡೋದು. ಹಳೇ ಎತ್ತರದಲ್ಲಿ ಬಿಗಿ ಮಾಡಿದ್ದನ್ನ ಹಾಗೇ ಬಿಟ್ಟರೆ ನಾಲ್ಕು ತಿಂಗಳೂ ಅದು ತಿರುಚಿಕೊಂಡೇ ಕೂತಿರುತ್ತೆ, ಬೇಗ ಹರಿಯುತ್ತೆ. ಆಮೇಲೆ ಒಂದೆರಡು ದಿನ ಓಡಿಸಿ, ಸ್ಪ್ರಿಂಗ್ ಮತ್ತು ರಬ್ಬರ್ ತಮ್ಮ ಜಾಗಕ್ಕೆ ಕೂತ ಮೇಲೆ, ಗಾಳಿ ಸರಿ ಹಾಕಿಸಿ ಅಲೈನ್‌ಮೆಂಟಿಗೆ ಹೋಗಿ. ಡಿಕ್ಕಿಯಲ್ಲಿ ಗೊಬ್ಬರದ ಮೂಟೆ ಇಟ್ಕೊಂಡು ಹೋಗಬೇಡಿ, ಭಾರ ಕೂಡ ಎತ್ತರ ಬದಲಿಸುತ್ತೆ. ಸ್ಟೆಬಿಲಿಟಿ ಕಂಟ್ರೋಲ್ ಇರೋ ಹೊಸ ಕಾರಾದರೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಸೊನ್ನೆ ಮಾಡಬೇಕಾ ಅಂತಲೂ ಕೇಳಿ. ಹಿಂದಿನ ಚಕ್ರಗಳಿಗೆ ಟ್ವಿಸ್ಟ್ ಬೀಮ್ ಇದ್ದರೆ ಹೊಂದಿಸೋಕೆ ಬೋಲ್ಟ್ ಇರಲ್ಲ, ಆದರೂ ಅಳೆಸಿ. ಹಿಂದಿನ ಚಕ್ರಗಳು ಯಾವ ಕಡೆ ತಳ್ತಿವೆ ಅನ್ನೋದನ್ನ ನೋಡಿಯೇ ಮುಂದಿನವನ್ನ ಹೊಂದಿಸಬೇಕು.

ಮೆಷಿನ್‌ಗೆ ಹೋಗೋ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಬ್ಬರು ಬೇಕು, ಒಂದು ಟೇಪು, ಒಂದು ಚಾಕ್‌ಪೀಸ್. ಸಮತಟ್ಟಾದ ನೆಲದಲ್ಲಿ ಕಾರನ್ನ ಸ್ವಲ್ಪ ಮುಂದಕ್ಕೆ ಉರುಳಿಸಿ, ಸ್ಟೀರಿಂಗ್ ನೇರ ಇಟ್ಟು ನಿಲ್ಲಿಸಿ. ಮುಂದಿನ ಎರಡೂ ಟೈರಿನ ಮುಂಭಾಗದಲ್ಲಿ, ಒಂದೇ ಎತ್ತರದಲ್ಲಿ, ಗಾಡಿಯ ನಡುವೆ ಒಂದೊಂದು ಗುರುತು ಹಾಕಿ. ಗುರುತಿನಿಂದ ಗುರುತಿಗೆ ಅಳೀರಿ. ಈಗ ಗುರುತು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರೋವರೆಗೆ ಕಾರನ್ನ ಮುಂದಕ್ಕೆ ತಳ್ಳಿ, ಮತ್ತೆ ಅಳೀರಿ. ಅದೇ ಗುರುತನ್ನ ಎರಡು ಸಲ ಬಳಸೋದರಿಂದ ರಿಮ್ ಸ್ವಲ್ಪ ಬಾಗಿದ್ದರೂ ಲೆಕ್ಕ ಕೆಡಲ್ಲ. 175/65 ಆರ್14 ಟೈರಿನ ವ್ಯಾಸ ಸುಮಾರು 583 ಮಿಲಿಮೀಟರ್. ನಮ್ಮ ಲೆಕ್ಕದ ಕಾರಿನಲ್ಲಿ ಆಕ್ಸಲ್ ಎತ್ತರದಲ್ಲಿ ಅಳೆದರೆ ಮುಂದಿನ ಅಳತೆಗೂ ಹಿಂದಿನ ಅಳತೆಗೂ ಹೆಚ್ಚುಕಡಿಮೆ 10 ಮಿಲಿಮೀಟರ್ ವ್ಯತ್ಯಾಸ ಸಿಗುತ್ತೆ. ಬಂಪರ್, ಎಂಜಿನ್ ಅಡ್ಡ ಬಂದು ಕೆಳಗೆ ಅಳೆದರೆ ಸ್ವಲ್ಪ ಕಡಿಮೆ. ಟೈ ರಾಡ್ ಹತ್ತಿರ ಕಣ್ಣಿಗೆ ಕಾಣದ 1 ಮಿಲಿಮೀಟರ್ ಟೈರಿನ ಹತ್ತಿರ ದರ್ಜಿಯ ಟೇಪಿನಲ್ಲೂ ಸಿಗುತ್ತೆ. ಇದು ಮೆಷಿನ್‌ಗೆ ಬದಲಿ ಅಲ್ಲ, ಆದರೆ "ಏನೂ ಬೇಡ ಸಾರ್" ಅಂದವರಿಗೆ ತೋರಿಸೋಕೆ ಸಾಕು.

ನನ್ನ ಅಭಿಪ್ರಾಯ ಕೇಳಿದ್ರೆ ವರ್ಷಕ್ಕೆರಡು ಸಲ ಎತ್ತಿ ಇಳಿಸೋದೇ ಬೇಡ. ಹಳೇ ಕಾರು ತಾಗ್ತಿದೆ ಅಂದ್ರೆ ಮೊದಲು ಸ್ಪ್ರಿಂಗ್ ಕುಸಿದಿದೆಯಾ ನೋಡಿ. ಹೊಸ ಸ್ಪ್ರಿಂಗ್ ಹಾಕಿದರೆ ಕಳ್ಕೊಂಡ ಎತ್ತರ ವಾಪಸ್ ಬರುತ್ತೆ, ಕಂಪನಿಯ ಕೋನಗಳೂ ವಾಪಸ್ ಬರ್ತವೆ. ಕಾನೂನಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿ ಹಿಡಿದಿದೆ.

ಇನ್ನು ಹಂಪ್. ಹೊಲದ ದಾರಿಯಷ್ಟೇ ಅಲ್ಲ, ಊರೊಳಗಿನ ಹಂಪಿಗೆ ಹೆದರಿ ಎತ್ತಿಸೋರೂ ಇದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಪ್ರಕಾರ ದುಂಡನೆಯ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಅದು 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. 2.4 ಮೀಟರ್ ವೀಲ್‌ಬೇಸ್ ಇರೋ ಕಾರು ಅದರ ಮೇಲೆ ನಿಂತಾಗ ಎರಡು ಚಕ್ರಗಳ ನಡುವೆ ಹಂಪ್ ಎಷ್ಟು ಉಬ್ಬಿರುತ್ತೆ? 1.2ರ ವರ್ಗವನ್ನ 34ರಿಂದ ಭಾಗಿಸಿ. 42 ಮಿಲಿಮೀಟರ್. ಐದು ಜನ ಕೂತ ಯಾವ ಕಾರಿನ ಹೊಟ್ಟೆಗೂ ಅದು ತಾಗಲ್ಲ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಬೀದಿಯ ಹಂಪಿಗೆ ಒಂದು ಟೇಪ್ ಹಿಡಿದು ನೋಡಿ. ನಮ್ಮ ಚಿಕ್ಕಪ್ಪನ ಬೀದಿಯದ್ದು ಅರ್ಧ ಮೀಟರ್ ಅಗಲವೂ ಇಲ್ಲ.